ಜೇಬು ಖಾಲಿ, ಕಾರು ತೆರೆಯಬೇಕು

ಹೊಸ ಕಾರುಗಳ ಜಾಹೀರಾತಿನಲ್ಲಿ ಈಗ ಕೀ ಕಾಣಿಸುವುದೇ ಅಪರೂಪ. ಫೋನ್ ಹಿಡಿದ ಕೈಯೊಂದು ಕಾಣಿಸುತ್ತದೆ; ಹತ್ತಿರ ಬಂದರೆ ಬಾಗಿಲು ತಾನೇ ಅನ್‌ಲಾಕ್, ದೂರ ಸರಿದರೆ ತಾನೇ ಲಾಕ್. ಕೀ ಎಂಬ ಕಾಟ ತಪ್ಪಿತು ಎನ್ನುತ್ತಾರೆ ಮಾರುವವರು. ತಪ್ಪಿದ್ದು ಅಂಗೈಯಲ್ಲಿ ಅಡಗುವ ಒಂದು ಚಿಕ್ಕ ವಸ್ತು. ಅದರ ಜಾಗಕ್ಕೆ ಬಂದದ್ದು ಸಂಜೆಯೊಳಗೆ ಚಾರ್ಜ್ ಮುಗಿಯುವ, ಕೈಜಾರಿದರೆ ಗಾಜು ಸೀಳುವ, ಕಳೆದರೆ ಬ್ಯಾಂಕ್ ಖಾತೆಯಿಂದ ಮಗುವಿನ ನಾಮಕರಣದ ಫೋಟೊವರೆಗೆ ಎಲ್ಲವನ್ನೂ ಜೊತೆಗೆ ಒಯ್ಯುವ ಇನ್ನೊಂದು ವಸ್ತು. ಫೋನ್ ಕದ್ದುಹೋದ ದಿನ ಪೊಲೀಸ್ ಠಾಣೆಗೂ ಸಿಮ್ ಅಂಗಡಿಗೂ ಓಡಾಡಲು ಕಾರು ಬೇಕು. ಆ ದಿನವೇ ಕಾರಿನ ಬಾಗಿಲೂ ತೆರೆಯದಿದ್ದರೆ?

ಕೀಯೂ ಬೇಡ, ಫೋನೂ ಬೇಡ ಎನ್ನುವವರು ಬೇರೆ ಕಾರಣಗಳಿಗೂ ಇದ್ದಾರೆ. ಮೂಲ್ಕಿಯಲ್ಲಿ ಸರ್ಫಿಂಗ್‌ಗೆ ಇಳಿಯುವವರ ಮೈಮೇಲೆ ಚಡ್ಡಿ, ಬನಿಯನ್ ಬಿಟ್ಟರೆ ಮತ್ತೇನೂ ಇರುವುದಿಲ್ಲ. ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಓಟಕ್ಕೆ ಬರುವವರಿಗೆ ಜೇಬಿನಲ್ಲಿ ಕುಣಿಯುವ ಕೀಗೊಂಚಲು ಹೆಜ್ಜೆಹೆಜ್ಜೆಗೂ ಕಿರಿಕಿರಿ. ತಿರುಮಲದ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಕೇಂದ್ರಗಳಲ್ಲಿ ಮೊಬೈಲ್ ಜೊತೆಗೆ ಸ್ಮಾರ್ಟ್‌ವಾಚನ್ನೂ ಬಾಗಿಲಲ್ಲೇ ತೆಗೆದಿಡಿಸುತ್ತಾರೆ. ಇವರಿಗೆಲ್ಲ ಇರುವ ದಾರಿಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ: ಅವುಗಳಲ್ಲಿ ಚೆನ್ನಾಗಿ ನಡೆಯುವಂಥವು ಹಳೆಯವು, ಅಗ್ಗದವು, ಬ್ಯಾಟರಿ ಬೇಡದವು. ಆದರೂ ಕಂಪನಿಗಳು ಅವನ್ನು ಕೈಪಿಡಿಯ ಮೂಲೆಯಲ್ಲಿ ‘ತುರ್ತು ಸಂದರ್ಭಕ್ಕೆ’ ಎಂದು ಬರೆದು ಬಿಟ್ಟಿವೆ, ಇಲ್ಲವೇ ಕೊಡುತ್ತಲೇ ಇಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಕಾರಿಗೆ ಬೀಗ ಎರಡು. ಒಂದು ಬಾಗಿಲಿನದು, ಇನ್ನೊಂದು ಇಂಜಿನ್‌ನದು. ಎರಡನೆಯದನ್ನು ಇಮ್ಮೊಬಿಲೈಸರ್ ಎನ್ನುತ್ತಾರೆ. ಕೀಯೊಳಗಿನ ಪುಟ್ಟ ಚಿಪ್ ಸರಿಯಾದ ಉತ್ತರ ಕೊಡುವವರೆಗೆ ಅದು ಇಂಜಿನ್ ಏಳಲು ಬಿಡುವುದಿಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಅಮೆರಿಕದಲ್ಲಿ ಅಂಥ ಕಾನೂನಿರಲಿಲ್ಲ. ಹ್ಯುಂಡೈ, ಕಿಯಾ ಕಂಪನಿಗಳು ಅಲ್ಲಿ ಮಾರಿದ ಕಡಿಮೆ ಬೆಲೆಯ ಅನೇಕ ಕಾರುಗಳಲ್ಲಿ ಇಮ್ಮೊಬಿಲೈಸರ್ ಇರಲಿಲ್ಲ. 2021-22ರ ಹೊತ್ತಿಗೆ ಹುಡುಗರು ಸ್ಟೀರಿಂಗ್ ಕೆಳಗಿನ ಕವಚ ಕಿತ್ತು ಯುಎಸ್‌ಬಿ ವೈರಿನ ತುದಿಯಿಂದಲೇ ಆ ಕಾರುಗಳನ್ನು ಸ್ಟಾರ್ಟ್ ಮಾಡಿ ಓಡಿಸಿಕೊಂಡು ಹೋಗುವ ವಿಡಿಯೊಗಳು ಟಿಕ್‌ಟಾಕ್ ತುಂಬ ಹರಿದಾಡಿದವು. ಬಾಗಿಲು ತೆರೆಯುವ ಉಪಾಯ ಎಷ್ಟೇ ಸಡಿಲವಾಗಿದ್ದರೂ ಎರಡನೆಯ ಬೀಗ ಗಟ್ಟಿಯಿದ್ದರೆ ಕಾರು ಉಳಿಯುತ್ತದೆ. ಹೋಗುವುದು ಹೆಚ್ಚೆಂದರೆ ಒಳಗಿಟ್ಟ ಬ್ಯಾಗು. ಮುಂದೆ ಹೇಳುವ ಪ್ರತಿಯೊಂದು ದಾರಿಗೂ ಎರಡು ಪ್ರಶ್ನೆ ಕೇಳಬೇಕಾಗುತ್ತದೆ: ತೆರೆಯುತ್ತದೆಯೇ? ಓಡಿಸಲೂ ಬಿಡುತ್ತದೆಯೇ?

ಏನನ್ನೂ ಹೊರದೆ ಬಾಗಿಲು ತೆರೆಯುವ ದಾರಿ 1980ರಲ್ಲೇ ಬಂದಿತ್ತು. ಆ ವರ್ಷ ಅಮೆರಿಕದ ಫೋರ್ಡ್ ಕಂಪನಿ ಥಂಡರ್‌ಬರ್ಡ್, ಮರ್ಕ್ಯುರಿ ಕೂಗರ್ ಮತ್ತು ಲಿಂಕನ್ ಕಾರುಗಳಲ್ಲಿ ಚಾಲಕನ ಬಾಗಿಲ ಮೇಲೆ ಐದು ಗುಂಡಿಗಳ ಒಂದು ಪಟ್ಟಿ ಕೂರಿಸಿತು. ಒಂದೊಂದು ಗುಂಡಿಗೆ ಎರಡೆರಡು ಅಂಕಿ: 1-2, 3-4, 5-6, 7-8, 9-0. ಐದಂಕಿಯ ಗುಟ್ಟು ಒತ್ತಿದರೆ ಚಾಲಕನ ಬಾಗಿಲು ತೆರೆಯುತ್ತದೆ. ಅದಾದ ಐದು ಸೆಕೆಂಡಿನೊಳಗೆ 3-4 ಒತ್ತಿದರೆ ಉಳಿದ ಬಾಗಿಲುಗಳು, 5-6 ಒತ್ತಿದರೆ ಡಿಕ್ಕಿ. ಇಳಿದು ಹೋಗುವಾಗ 7-8 ಮತ್ತು 9-0 ಎರಡನ್ನೂ ಒಟ್ಟಿಗೆ ಅದುಮಿದರೆ ಇಡೀ ಕಾರು ಲಾಕ್. ಕಾರ್ಖಾನೆಯಲ್ಲಿ ಕೂರಿಸಿದ ನಂಬರನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ಕೊಡುತ್ತಾರೆ. ಬೇಕಾದರೆ ಅದನ್ನು ಒತ್ತಿ, ಬೆನ್ನಿಗೇ 1-2 ಒತ್ತಿ, ನಮ್ಮದೇ ನಂಬರನ್ನು ಸೇರಿಸಿಕೊಳ್ಳಬಹುದು. ಮೊದಮೊದಲು ಎದ್ದು ಕಾಣುತ್ತಿದ್ದ ರಬ್ಬರ್ ಗುಂಡಿಗಳು ಈಗ ಬಾಗಿಲಿನ ಪಕ್ಕದ ಕಪ್ಪು ಕಂಬದೊಳಗೆ ಅಡಗಿವೆ. ಬೆರಳು ಮುಟ್ಟಿದಾಗಷ್ಟೇ ಅಂಕಿಗಳು ಬೆಳಗುತ್ತವೆ.

ಇದರ ಲೆಕ್ಕ ಸ್ವಾರಸ್ಯವಾಗಿದೆ. ಐದಂಕಿ ಎಂದಾಗ ಒಂದು ಲಕ್ಷ ಸಾಧ್ಯತೆ ಎಂದುಕೊಳ್ಳುತ್ತೇವೆ. ಆದರೆ ಇಲ್ಲಿ ಗುಂಡಿ ಇರುವುದೇ ಐದು. ಕಾರಿನ ಮಟ್ಟಿಗೆ 1 ಮತ್ತು 2 ಬೇರೆಯಲ್ಲ. ಐದನ್ನು ಐದು ಸಲ ಗುಣಿಸಿದರೆ ಬರುವುದು 3,125. ಗುಂಡಿಗಳ ಮೇಲಿನ ಬಣ್ಣ ಸವೆದು ಯಾವುದನ್ನು ಹೆಚ್ಚು ಒತ್ತುತ್ತಾರೆ ಎಂಬುದು ಕಂಡರೆ ಇನ್ನೂ ಕಡಿಮೆ. ಇನ್ನೊಂದು ತಮಾಷೆಯೂ ಇದೆ. ಹಳೆಯ ಕೀಪ್ಯಾಡ್‌ಗಳು ಗುಟ್ಟು ಎಲ್ಲಿ ಶುರುವಾಯಿತು ಎಂದು ನೋಡುತ್ತಿರಲಿಲ್ಲ, ಕೊನೆಯ ಐದು ಒತ್ತುಗಳು ಸರಿಯಿದ್ದರೆ ಸಾಕಿತ್ತು. ಗಣಿತ ಬಲ್ಲವರು ಎಲ್ಲ ಸಾಧ್ಯತೆಗಳನ್ನೂ ಒಂದರೊಳಗೊಂದು ಹೆಣೆದು 3,129 ಒತ್ತುಗಳ ಒಂದೇ ಸರಪಳಿ ಮಾಡಿಬಿಟ್ಟರು. ಅದಕ್ಕೆ ಮದ್ದು ಸರಳ. ತಪ್ಪು ನಂಬರನ್ನು ಏಳು ಸಲ, ಅಂದರೆ ಮೂವತ್ತೈದು ಗುಂಡಿ ಒತ್ತಿದ ಮೇಲೆ ಕೀಪ್ಯಾಡ್ ಒಂದು ನಿಮಿಷ ಮೌನ ತಾಳುತ್ತದೆ. ನಿಮಿಷಕ್ಕೆ ಏಳರಂತೆ 3,125 ಮುಗಿಸಲು ಏಳು ಗಂಟೆಗೂ ಮಿಕ್ಕು ಬೇಕು. ಅಷ್ಟು ಹೊತ್ತು ಪರರ ಕಾರಿನ ಮುಂದೆ ನಿಲ್ಲುವ ತಾಳ್ಮೆ ಇರುವವನು ಕಲ್ಲೆತ್ತಿ ಗಾಜು ಒಡೆಯುತ್ತಾನೆ. ಹೇಗೂ ಇದು ಬಾಗಿಲಿನ ಬೀಗವಷ್ಟೆ. ಇಂಜಿನ್ ಏಳಬೇಕಾದರೆ ಕೀ ಬೇಕೇ ಬೇಕು. ಓಡುವವರು ಕೀಯನ್ನು ಕಾರಿನೊಳಗೇ ಕಣ್ಣಿಗೆ ಬೀಳದಂತೆ ಬಿಟ್ಟು, ನಂಬರನ್ನು ತಲೆಯಲ್ಲಿಟ್ಟುಕೊಂಡು ಹೊರಡುತ್ತಾರೆ. ನಲವತ್ತು ವರ್ಷ ದಾಟಿದರೂ ಅಮೆರಿಕದ ಫೋರ್ಡ್ ಗಿರಾಕಿಗಳು ಇದನ್ನು ಬಿಟ್ಟುಕೊಡಲು ತಯಾರಿಲ್ಲ. ಫೋರ್ಡ್ ಭಾರತದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಾರು ಮಾಡಿ 2021ರಲ್ಲಿ ತಯಾರಿಕೆ ನಿಲ್ಲಿಸುತ್ತೇವೆಂದಿತು. ಫಿಗೊ, ಇಕೊಸ್ಪೋರ್ಟ್‌ಗಳ ಬಾಗಿಲಲ್ಲಿ ಈ ಗುಂಡಿಗಳನ್ನು ನಾವು ಕಾಣಲಿಲ್ಲ.

ಕೀಪ್ಯಾಡ್ ಬಿಟ್ಟು ಜಗತ್ತು ಹಿಡಿದ ದಾರಿ ರಿಮೋಟಿನದು. ಅದರ ಮುಂದಿನ ಹೆಜ್ಜೆ ನಮ್ಮಲ್ಲೀಗ ಎಲ್ಲೆಡೆ ಇರುವ ಸ್ಮಾರ್ಟ್ ಕೀ. ಕೀ ಜೇಬಿನಲ್ಲೇ ಇರಲಿ, ಹ್ಯಾಂಡಲ್ ಮುಟ್ಟಿ, ಬಟನ್ ಒತ್ತಿ ಹೊರಡಿ. 1993ರ ಕಾರ್ವೆಟ್‌ನಲ್ಲಿ ಇದರ ಮೊದಲ ರೂಪವೊಂದಿತ್ತು. ತೊಂಬತ್ತರ ದಶಕದ ಕೊನೆಗೆ ಮರ್ಸಿಡಿಸ್ ಎಸ್-ಕ್ಲಾಸ್ ಅದನ್ನು ಶ್ರೀಮಂತರ ಗುರುತು ಮಾಡಿತು. ಇವತ್ತು ಹತ್ತು ಲಕ್ಷದೊಳಗಿನ ಕಾರಿನಲ್ಲೂ ಸಿಗುತ್ತದೆ. ಜೇಬು ಖಾಲಿಯಿರಬೇಕು ಎನ್ನುವವರಿಗೆ ಇದು ಉತ್ತರವಲ್ಲ. ಆದರೂ ಇದರ ಕೆಲಸ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಹ್ಯಾಂಡಲ್ ಮುಟ್ಟಿದಾಗ ಕಾರು ಸುಮಾರು 125 ಕಿಲೋಹರ್ಟ್ಸ್‌ನ ಒಂದು ಸಣ್ಣ ಕೂಗು ಹಾಕುತ್ತದೆ. ಅದು ಒಂದೆರಡು ಮೀಟರ್‌ನಾಚೆ ಕೇಳಿಸುವುದಿಲ್ಲ. ಆ ಕೂಗು ಕೇಳಿದ ಕೀ ಎಚ್ಚೆತ್ತು 433 ಮೆಗಾಹರ್ಟ್ಸ್‌ನಂಥ ದೂರ ಹೋಗುವ ಅಲೆಯಲ್ಲಿ ಉತ್ತರ ಕಳಿಸುತ್ತದೆ. ‘ಕೂಗು ಕೇಳಿಸಿತೆಂದರೆ ಕೀ ಹತ್ತಿರದಲ್ಲೇ ಇದೆ’ ಎಂಬುದು ಕಾರಿನ ತರ್ಕ.

ಆ ತರ್ಕದಲ್ಲೇ ತೂತು. ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಬಾಗಿಲ ಬಳಿ ನಿಂತು, ಇತ್ತಲಿನ ಕೂಗನ್ನು ಅತ್ತ, ಅತ್ತಲಿನ ಉತ್ತರವನ್ನು ಇತ್ತ ದಾಟಿಸಿದರೆ ಕಾರು ನಂಬಿಬಿಡುತ್ತದೆ. ಹೆಣ್ಣಿನ ಕಡೆಯ ಮಾತನ್ನು ಗಂಡಿನ ಕಡೆಗೆ, ಅವರದನ್ನು ಇವರಿಗೆ ಮುಟ್ಟಿಸುವ ದಲ್ಲಾಳಿಯ ಹಾಗೆ. ಒಳಗಿನ ಗುಟ್ಟು ಅವನಿಗೆ ತಿಳಿಯಬೇಕಾಗಿಲ್ಲ, ಮುಟ್ಟಿಸಿದರೆ ಸಾಕು. 2011ರಲ್ಲಿ ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಫ್ರಾನ್ಸಿಲ್ಲೊನ್, ಡಾನೆವ್, ಚಾಪ್ಕುನ್ ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳ ಮೇಲೆ ಇದನ್ನು ಮಾಡಿ ನೋಡಿದರು. ಹತ್ತೂ ತೆರೆದವು, ಹತ್ತೂ ಸ್ಟಾರ್ಟ್ ಆದವು. ಎರಡು ಬೀಗವನ್ನೂ ಒಂದೇ ಮಾತಿಗೆ ಬಿಟ್ಟುಕೊಟ್ಟದ್ದು ಈ ಅನುಕೂಲದ ಬೆಲೆ. ಈಚೆಗೆ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಅಲೆ ಬಂದಿದೆ. ಉತ್ತರ ಎಷ್ಟು ಜೋರಾಗಿದೆ ಎಂದು ನೋಡುವ ಬದಲು ಎಷ್ಟು ಬೇಗ ಬಂತು ಎಂದು ಅಳೆಯುತ್ತದೆ. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಓಡುವುದು ಮೂವತ್ತು ಸೆಂಟಿಮೀಟರ್. ದಲ್ಲಾಳಿ ಎಷ್ಟೇ ಚುರುಕಾದರೂ ಆ ತಡವನ್ನು ಅಡಗಿಸಲಾರ.

ಸರ್ಫಿಂಗ್ ಮಾಡುವವರ ಹಳೆಯ ಉಪಾಯವೊಂದು ಈ ಸ್ಮಾರ್ಟ್ ಕೀ ಬಂದ ಮೇಲೆ ಹಾಳಾಯಿತು. ಬ್ರಿಟನ್, ಆಸ್ಟ್ರೇಲಿಯಾದ ಕಡಲ ತೀರಗಳಲ್ಲಿ ಕಾರಿನ ಹಿಂದಿನ ಟೋ ಹುಕ್‌ಗೆ ನಂಬರ್ ಲಾಕಿನ ಪುಟ್ಟ ಉಕ್ಕಿನ ಪೆಟ್ಟಿಗೆ ಜೋತುಹಾಕಿ, ಅದರೊಳಗೆ ಕೀಯಿಟ್ಟು ನೀರಿಗಿಳಿಯುತ್ತಾರೆ. ಬರಿ ಲೋಹದ ಕೀಗೆ ಇದು ಚೆನ್ನಾಗಿತ್ತು. ಸ್ಮಾರ್ಟ್ ಕೀಯನ್ನು ಹಾಗೆ ಇಟ್ಟರೆ ಅದು ಡಿಕ್ಕಿಯ ಹ್ಯಾಂಡಲ್‌ನಿಂದ ಒಂದು ಗೇಣು ದೂರ! ಪೆಟ್ಟಿಗೆ ಅಲೆಯನ್ನು ಪೂರ್ತಿ ತಡೆಯದಿದ್ದರೆ ದಾರಿಹೋಕ ಬಂದು ಹ್ಯಾಂಡಲ್ ಎಳೆದರೂ ಡಿಕ್ಕಿ ತೆರೆದುಕೊಳ್ಳುತ್ತದೆ. ಅದಕ್ಕೇ ಅಲೆ ತಡೆಯುವ ಲೋಹದ ಹೆಣಿಗೆಯ ಚೀಲದಲ್ಲಿ ಸುತ್ತಿ ಇಡುತ್ತಾರೆ. ಇನ್ನೊಂದು ದಾರಿ ಕೀಯನ್ನೇ ಮಲಗಿಸುವುದು. ಟೊಯೋಟಾದ ಅನೇಕ ಸ್ಮಾರ್ಟ್ ಕೀಗಳಲ್ಲಿ ಲಾಕ್ ಗುಂಡಿಯನ್ನು ಅದುಮಿ ಹಿಡಿದು ಅನ್‌ಲಾಕ್ ಗುಂಡಿಯನ್ನು ಎರಡು ಸಲ ಒತ್ತಿದರೆ ಪುಟ್ಟ ದೀಪ ನಾಲ್ಕು ಸಲ ಮಿನುಗಿ ಕೀ ನಿದ್ದೆಗೆ ಜಾರುತ್ತದೆ. ಆಮೇಲೆ ಕಾರು ಎಷ್ಟು ಕೂಗಿದರೂ ಓಗೊಡುವುದಿಲ್ಲ; ಗುಂಡಿ ಒತ್ತಿದರೆ ಮತ್ತೆ ಏಳುತ್ತದೆ. ಟೊಯೋಟಾದ ಬಿಡದಿ ಕಾರ್ಖಾನೆಯಿಂದ ಬರುವ ಕಾರುಗಳನ್ನು ಇಟ್ಟುಕೊಂಡವರು ಕೈಪಿಡಿಯಲ್ಲಿ ‘ಬ್ಯಾಟರಿ ಉಳಿಸುವ ವಿಧಾನ’ ಎಂಬ ಪುಟ ತೆರೆದು ನೋಡಬಹುದು. ಕೈಪಿಡಿ ಓದುವ ಅಭ್ಯಾಸ ನಮಗಿಲ್ಲ ಎಂಬುದು ಬೇರೆ ಮಾತು.

ಕೀಯೊಳಗೆ ಅಡಗಿರುವ ಲೋಹದ ಅಲಗನ್ನೂ ಮರೆಯಬಾರದು. ಹೆಚ್ಚಿನ ಸ್ಮಾರ್ಟ್ ಕೀಗಳಲ್ಲಿ ಒಂದು ಚಿಕ್ಕ ಕೊಂಡಿ ಸರಿಸಿದರೆ ಅದು ಹೊರಬರುತ್ತದೆ. ಅದು ಹೋಗುವ ತೂತು ಕೆಲವು ಕಾರುಗಳಲ್ಲಿ ಹ್ಯಾಂಡಲ್‌ನ ಮುಚ್ಚಳದ ಹಿಂದೆ ಇರುತ್ತದೆ. ಅಲಗನ್ನಷ್ಟೇ ಚಡ್ಡಿಯ ಒಳಜೇಬಿಗೆ ಹೊಲಿದುಕೊಂಡು, ಮಲಗಿಸಿದ ಕೀಯನ್ನು ಕಾರಿನೊಳಗೆ ಬಿಟ್ಟು ಸಮುದ್ರಕ್ಕೆ ಇಳಿದರೆ ಉಪ್ಪುನೀರಿಗೆ ಹೆದರಬೇಕಿಲ್ಲ. ಒಂದೇ ತಕರಾರು: ಅಲಗಿನಿಂದ ತೆರೆದರೆ ಕೆಲವು ಕಾರುಗಳ ಅಲಾರಂ ಬೊಬ್ಬೆ ಹಾಕುತ್ತದೆ, ಇಂಜಿನ್ ಸ್ಟಾರ್ಟ್ ಆಗುವವರೆಗೆ ಬೀಚಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ.

ಈಗ ಕಾರ್ಡಿಗೆ ಬರೋಣ. ನನ್ನ ಮಟ್ಟಿಗೆ ಈ ಇಡೀ ಸಾಲಿನಲ್ಲಿ ನಂಬಬಹುದಾದ ಹೊಸ ವಸ್ತು ಇದೊಂದೇ. 2017ರಲ್ಲಿ ಟೆಸ್ಲಾ ಮಾಡೆಲ್ 3 ಬಂದಾಗ ಕಂಪನಿ ಮಾಮೂಲಿ ಕೀಯನ್ನೇ ಕೊಡಲಿಲ್ಲ. ಫೋನನ್ನು ಕೀಯೆಂದು ಸಾರಿ, ಅದು ಕೈಕೊಟ್ಟಾಗ ಇರಲಿ ಎಂದು ಎಟಿಎಂ ಕಾರ್ಡಿನಂಥದ್ದನ್ನು ಜೊತೆಗೆ ಇಟ್ಟಿತು. ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ಕಂಬಕ್ಕೆ ಅದನ್ನು ತಾಗಿಸಿದರೆ ಬಾಗಿಲು ತೆರೆಯುತ್ತದೆ. ಬಿವೈಡಿ ಆಟೊ 3ರಲ್ಲಿ ಕಾರ್ಡು ತಾಗಿಸುವ ಜಾಗ ಹೊರಗನ್ನಡಿಯ ಮೇಲಿದೆ. ಮಹೀಂದ್ರಾದ ಬಿಇ 6, ಎಕ್ಸ್‌ಇವಿ 9ಇ ಕಾರುಗಳಿಗೂ ಕಾರ್ಡಿದೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಜೋಡಿಸುವ ವೋಲ್ವೊ ಇಎಕ್ಸ್30 ಕೂಡ ಕಾರ್ಡಿನ ಕಾರು.

ಕಾರ್ಡಿನೊಳಗೆ ಬ್ಯಾಟರಿಯಿಲ್ಲ. ಅಂಚಿನ ಸುತ್ತ ಕೂದಲೆಳೆಯಷ್ಟು ತೆಳುವಾದ ತಂತಿಯ ಸುರುಳಿ, ಅದರ ತುದಿಗೆ ಎಳ್ಳುಕಾಳಿನಷ್ಟು ಚಿಪ್, ಅಷ್ಟೆ. ಕಾರಿನ ಓದುಗ ಸಾಧನ 13.56 ಮೆಗಾಹರ್ಟ್ಸ್‌ನಲ್ಲಿ ಆಡಿಸುವ ಕಾಂತಕ್ಷೇತ್ರದೊಳಗೆ ಆ ಸುರುಳಿ ಬಂದರೆ ಅದರಲ್ಲೇ ಕರೆಂಟ್ ಹುಟ್ಟಿ ಚಿಪ್ ಎಚ್ಚರಗೊಳ್ಳುತ್ತದೆ. ಕಾರು ಒಂದು ಯಾದೃಚ್ಛಿಕ ಸಂಖ್ಯೆ ಕೊಡುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆಯೊಂದಿಗೆ ಅದನ್ನು ಕಲಸಿ ಉತ್ತರ ಕೊಡುತ್ತದೆ. ಗುಟ್ಟು ಹೊರಗೆ ಬರುವುದೇ ಇಲ್ಲ. ಇಷ್ಟೆಲ್ಲ ನಡೆಯುವುದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ, ಹಾಗಾಗಿ ಮನೆಯೊಳಗೆ ಮೇಜಿನ ಮೇಲಿಟ್ಟ ಕಾರ್ಡನ್ನು ಬೀದಿಯಲ್ಲಿ ನಿಂತು ಕೂಗಿ ಎಬ್ಬಿಸಲು ಬರುವುದಿಲ್ಲ. ಮಳೆಗೆ ನೆನೆದರೆ ಒರೆಸಿಕೊಂಡರಾಯಿತು. ಪರ್ಸಿನಲ್ಲಿ ಮೆಟ್ರೊ ಕಾರ್ಡು, ಬ್ಯಾಂಕ್ ಕಾರ್ಡುಗಳ ಜೊತೆಗಿಟ್ಟು ಪರ್ಸನ್ನೇ ತಾಗಿಸಿದರೆ ಓದುಗ ಸಾಧನಕ್ಕೆ ಗೊಂದಲವಾಗಬಹುದು, ಹೊರತೆಗೆದು ಹಿಡಿಯಬೇಕು. ಫೋನ್ ಇಟ್ಟು ಚಾರ್ಜ್ ಮಾಡುವ ವೈರ್‌ಲೆಸ್ ಪ್ಯಾಡ್ ಮೇಲೆ ಮಾತ್ರ ಇಡಬೇಡಿ, ಚಿಪ್ ಸುಟ್ಟುಹೋಗುವ ಅಪಾಯವಿದೆ.

ಅನುಕೂಲದ ಆಸೆ ಇಲ್ಲೂ ಒಂದು ತೂತು ಕೊರೆಯಿತು. ಮೊದಲಿಗೆ ಟೆಸ್ಲಾದಲ್ಲಿ ಕಾರ್ಡಿನಿಂದ ಬಾಗಿಲು ತೆರೆದ ಮೇಲೆ, ಓಡಿಸಲು ಅದನ್ನು ಸೀಟುಗಳ ನಡುವಿನ ಜಾಗದಲ್ಲಿ ಮತ್ತೊಮ್ಮೆ ಇಡಬೇಕಿತ್ತು. ಎರಡು ಬೀಗ, ಎರಡು ಸಲ ತೋರಿಸು ಎಂಬ ಲೆಕ್ಕ. 2021ರಲ್ಲಿ ಕಂಪನಿ ಆ ಎರಡನೆಯ ಹೆಜ್ಜೆ ತೆಗೆದು, ಬಾಗಿಲು ತೆರೆದ ಸುಮಾರು ಎರಡು ನಿಮಿಷದೊಳಗೆ ನೇರ ಹೊರಡಬಹುದು ಎಂದಿತು. ಮಾರನೆಯ ವರ್ಷ ಆಸ್ಟ್ರಿಯಾದ ಸಂಶೋಧಕ ಮಾರ್ಟಿನ್ ಹೆರ್‌ಫರ್ಟ್, ಆ 130 ಸೆಕೆಂಡುಗಳಲ್ಲಿ ಕಾರು ಓಡಲು ಒಪ್ಪುವುದಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ಅಪರಿಚಿತನ ಸಾಧನವನ್ನು ಹೊಸ ಕೀ ಎಂದು ದಾಖಲಿಸಿಕೊಳ್ಳಲೂ ಒಪ್ಪುತ್ತದೆ ಎಂದು ತೋರಿಸಿದ. ತಪ್ಪು ಕಾರ್ಡಿನದಲ್ಲ. ಎರಡು ಬೀಗಗಳನ್ನು ಒಂದೇ ಬೀಗ ಮಾಡಿದ್ದರ ಫಲ ಅದು. ಟೆಸ್ಲಾದಲ್ಲೇ 2018ರಿಂದ ಇನ್ನೊಂದು ಸೌಲಭ್ಯವಿದೆ: ಓಡಿಸುವ ಮುನ್ನ ಪರದೆಯ ಮೇಲೆ ನಾಲ್ಕಂಕಿಯ ಪಿನ್ ಒತ್ತಬೇಕೆಂದು ಇಟ್ಟುಕೊಳ್ಳಬಹುದು. ಕೈಯಲ್ಲಿ ಕಾರ್ಡು, ತಲೆಯಲ್ಲಿ ಪಿನ್. ಎಟಿಎಂನಲ್ಲಿ ನಮಗೆ ಆಗಲೇ ರೂಢಿಯಾದ ಜೋಡಿ.

ಕಾರ್ಡಿನ ಚಿಪ್‌ಗೆ ಬೇರೆ ಬೇರೆ ಅಂಗಿ ತೊಡಿಸಿದವರೂ ಇದ್ದಾರೆ. 2016ರಲ್ಲಿ ಜಾಗ್ವಾರ್ ಎಫ್-ಪೇಸ್ ಜೊತೆಗೆ ರಬ್ಬರಿನ ಕೈಪಟ್ಟಿಯೊಂದು ಬಂತು. ಬ್ಯಾಟರಿಯಿಲ್ಲ, ನೀರಿಗೆ ಹೆದರಿಕೆಯಿಲ್ಲ. ಮಾಮೂಲಿ ಕೀಯನ್ನು ಕಾರಿನೊಳಗೆ ಬಿಟ್ಟು, ಡಿಕ್ಕಿಯ ಮೇಲೆ ಬರೆದ ಹೆಸರಿನ ಮೊದಲ ಅಕ್ಷರದ ಬಳಿ ಮಣಿಕಟ್ಟು ಹಿಡಿದರೆ ಕಾರು ಲಾಕ್ ಆಗುತ್ತದೆ. ಅಷ್ಟೇ ಅಲ್ಲ, ಒಳಗಿರುವ ಕೀ ಅಲ್ಲಿಂದಾಚೆ ಸತ್ತಂತೆಯೇ. ಗಾಜು ಒಡೆದು ಅದನ್ನು ಎತ್ತಿಕೊಂಡವನಿಗೂ ಕಾರು ಸ್ಟಾರ್ಟ್ ಆಗುವುದಿಲ್ಲ. ಮರಳಿ ಬಂದು ಪಟ್ಟಿ ತಾಗಿಸಿದಾಗ ಅದಕ್ಕೆ ಜೀವ ಬರುತ್ತದೆ. ಈ ವಿಷಯದಲ್ಲಿ ನಾನು ಕಂಡ ಅತಿ ಜಾಣತನದ ಯೋಚನೆ ಇದೇ: ಸಮಸ್ಯೆ ಇದ್ದದ್ದು ಹೊರಗೆ ಹೋದವನ ಕೈಯಲ್ಲಲ್ಲ, ಒಳಗೆ ಉಳಿದ ಕೀಯಲ್ಲಿ ಎಂಬುದನ್ನು ಯಾರೋ ಸರಿಯಾಗಿ ಹಿಡಿದರು. ಜಾಗ್ವಾರ್‌ನ ಒಡೆಯರಾದ ಟಾಟಾದವರು 2018ರಲ್ಲಿ ನೆಕ್ಸಾನ್ ಎಎಂಟಿ ಜೊತೆ ಕೈಗೆ ಕಟ್ಟಿಕೊಳ್ಳುವ ಕೀಯೊಂದನ್ನು ಕೊಟ್ಟಿದ್ದರು. ಅಮೆರಿಕದ ರಿವಿಯನ್ ಕಂಪನಿ ತನ್ನ ಮೊದಲ ಪಿಕಪ್‌ಗಳ ಜೊತೆ ಕಾರ್ಡು, ಮಾಮೂಲಿ ಕೀ, ಕೈಪಟ್ಟಿ ಮೂರನ್ನೂ ಹಂಚಿತು. ಹಾಗೆ ಮೂರನ್ನೂ ಕೊಡುವುದೇ ಸರಿ.

ವಾಚಿನ ಮಾತು ಬೇರೆ. 2020ರಲ್ಲಿ ಆ್ಯಪಲ್ ಬಿಎಂಡಬ್ಲ್ಯು ಜೊತೆ ಕಾರ್ ಕೀ ಶುರುಮಾಡಿದಾಗ ಫೋನಿನಂತೆ ವಾಚನ್ನೂ ಹ್ಯಾಂಡಲ್‌ಗೆ ಹಿಡಿದು ತೆರೆಯಲು ಬಂತು. ಹ್ಯುಂಡೈ ಅಲ್ಕಜಾರ್‌ನ 2024ರ ಆವೃತ್ತಿಯಲ್ಲೂ ಇಂಥದ್ದಿದೆ. ಓಟಗಾರರಿಗೆ ಇದು ಸಾಕು. ಆದರೆ ವಾಚನ್ನೂ ರಾತ್ರಿ ಚಾರ್ಜ್‌ಗೆ ಹಾಕಬೇಕು, ಅದನ್ನು ಹೊಂದಿಸಲು ಫೋನ್ ಬೇಕು, ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಎರಡಕ್ಕೂ ಒಂದೇ ಗತಿ. ಉಂಗುರದಲ್ಲಿ ಚಿಪ್ ಕೂರಿಸಿ ಮಾರುವವರಿದ್ದಾರೆ. 2019ರಲ್ಲಿ ಟೆಕ್ಸಾಸ್‌ನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಟೆಸ್ಲಾ ಕಾರ್ಡನ್ನು ಅಸಿಟೋನಿನಲ್ಲಿ ಕರಗಿಸಿ, ಉಳಿದ ಚಿಪ್ಪನ್ನು ತೋಳಿನ ಚರ್ಮದಡಿ ಹಾಕಿಸಿಕೊಂಡರು. ಕೆಲಸ ಮಾಡಿತು. ಕಾರು ಮಾರಿದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಅವರಿಗೇ ಬಿಡೋಣ.

ಚಿಪ್ಪನ್ನು ಚರ್ಮದಡಿ ಇಡುವುದಕ್ಕಿಂತ ಚರ್ಮವನ್ನೇ ಕೀ ಮಾಡಿದರೆ ಹೇಗೆ? ಹ್ಯುಂಡೈ 2018ರ ಕೊನೆಗೆ, ಮರುವರ್ಷದ ಸಾಂಟಾ ಫೆಯ ಹ್ಯಾಂಡಲ್‌ನಲ್ಲಿ ಬೆರಳಚ್ಚು ಓದುವ ಸಾಧನ ಇಡುವುದಾಗಿ ಹೇಳಿತು. ಬೇರೆಯವರ ಬೆರಳಿಗೆ ಮೋಸಹೋಗುವ ಸಾಧ್ಯತೆ ಐವತ್ತು ಸಾವಿರಕ್ಕೆ ಒಂದು ಎಂದಿತು. ಅದೇ ಬಳಗದ ಜೆನೆಸಿಸ್ ಜಿವಿ60 ಕಾರಿನಲ್ಲಿ 2021ರಿಂದ ಮುಖ ಗುರುತಿಸುವ ಕ್ಯಾಮೆರಾ ಇದೆ. ಹ್ಯಾಂಡಲ್ ಮುಟ್ಟಿ ಬಾಗಿಲ ಕಂಬದ ಕಡೆ ನೋಡಿದರೆ ಅವಗೆಂಪು ಬೆಳಕಿನಲ್ಲಿ ಮುಖ ಹಿಡಿದು ತೆರೆಯುತ್ತದೆ. ರಾತ್ರಿಯಲ್ಲೂ ಸರಿ, ಕನ್ನಡಕ ಹಾಕಿದ್ದರೂ ಸರಿ. ಒಳಗೆ ಕೂತ ಮೇಲೆ ಸ್ಟಾರ್ಟ್ ಮಾಡಲು ಬೆರಳಚ್ಚು. ಕೈಯಲ್ಲೂ ಜೇಬಲ್ಲೂ ಏನೂ ಇಲ್ಲದೆ ಎರಡೂ ಬೀಗ ತೆರೆಯುವ ಮಾರುಕಟ್ಟೆಯ ಕಾರುಗಳು ಇಂಥ ಬೆರಳೆಣಿಕೆಯಷ್ಟೇ.

ಆದರೂ ನನಗೆ ಇದರಲ್ಲಿ ಪೂರ್ತಿ ನಂಬಿಕೆ ಇಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ ಒತ್ತಿ, ಅಚ್ಚು ಹೊಂದದೆ ಬರಿಗೈಲಿ ಮರಳಿದ ವೃದ್ಧರನ್ನು ಕಂಡ ನಾಡು ನಮ್ಮದು. ಗಾರೆ ಕೆಲಸದವರ, ಪಾತ್ರೆ ತಿಕ್ಕಿದವರ, ಅಡಕೆ ಸುಲಿದವರ ಬೆರಳಲ್ಲಿ ಗೆರೆ ಉಳಿದಿರುವುದಿಲ್ಲ. ಸಮುದ್ರದಿಂದ ಎದ್ದು ಬಂದವರ ಬೆರಳೂ ಸುಕ್ಕುಗಟ್ಟಿರುತ್ತದೆ. ಭಯಪಡಬೇಕಾದ ಕಾರಣವೂ ಒಂದಿದೆ. 2005ರಲ್ಲಿ ಮಲೇಷ್ಯಾದಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ದೋಚಿದ ಕಳ್ಳರು, ಬೆರಳಚ್ಚಿಲ್ಲದೆ ಕಾರು ಮತ್ತೆ ಸ್ಟಾರ್ಟ್ ಆಗದೆಂದು ತಿಳಿದು ಮಾಲೀಕನ ಬೆರಳಿನ ತುದಿಯನ್ನೇ ಕತ್ತರಿಸಿಕೊಂಡು ಹೋದರು. ಈಗಿನ ಸಾಧನಗಳು ಜೀವಂತ ಚರ್ಮದ ವಿದ್ಯುತ್ ಗುಣವನ್ನು ನೋಡುತ್ತವೆ ಎನ್ನುತ್ತಾರೆ. ಕಳ್ಳನಿಗೂ ಅದು ಗೊತ್ತಿರಬೇಕಲ್ಲ.

ದೂರದಿಂದ ತೆರೆಸುವುದು ಇನ್ನೊಂದು ದಾರಿ. ಅಮೆರಿಕದ ಆನ್‌ಸ್ಟಾರ್ ಸೇವೆ 1996ರಲ್ಲಿ ಶುರುವಾಯಿತು. ಯಾರದ್ದಾದರೂ ಫೋನ್ ಎರವಲು ಪಡೆದು ಕರೆ ಮಾಡಿ ಪಿನ್ ಹೇಳಿದರೆ ಅತ್ತಲಿಂದ ಬಾಗಿಲು ತೆರೆದುಕೊಡುತ್ತಾರೆ. ಕಾರು ಮಾಲ್‌ನ ಮೂರನೆಯ ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಇಲ್ಲದೆ ನಿಂತಿದ್ದರೆ ದೇವರೇ ಗತಿ. ಈ ದಾರಿಯ ದೊಡ್ಡ ದೋಷ ಬೇರೆಯೇ: ತೆರೆಯುವ ಅಧಿಕಾರ ಕಂಪನಿಯ ಸರ್ವರ್‌ನಲ್ಲಿರುತ್ತದೆ. 2024ರಲ್ಲಿ ಸಂಶೋಧಕರ ತಂಡವೊಂದು ಅಮೆರಿಕದಲ್ಲಿ ಮಾರಾಟವಾದ ಕಿಯಾ ಕಾರುಗಳನ್ನು ಬರಿ ನಂಬರ್ ಪ್ಲೇಟ್ ನೋಡಿ ಅನ್‌ಲಾಕ್ ಮಾಡಬಹುದಿತ್ತು ಎಂದು ಬಯಲು ಮಾಡಿತು. ಕಂಪನಿ ಅಷ್ಟರೊಳಗೆ ಅದನ್ನು ಸರಿಪಡಿಸಿತ್ತು. ಕಳ್ಳ ಕಾರಿನ ಬಳಿಗೂ ಬರಬೇಕಿರಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ಹೊರದೇಶದ ವಿಮರ್ಶೆಗಳಲ್ಲಿ ಹೆಚ್ಚಾಗಿ ಕಾಣದ, ನಮ್ಮಲ್ಲಿ ತಪ್ಪದೆ ಏಳುವ ಪ್ರಶ್ನೆಯೊಂದಿದೆ: ಕಾರನ್ನು ಬೇರೆಯವರಿಗೆ ಕೊಡುವುದು ಹೇಗೆ? ಇಲ್ಲಿ ಕಾರಿಗೆ ಒಬ್ಬನೇ ಚಾಲಕ ಇರುವುದಿಲ್ಲ. ಡ್ರೈವರ್ ಇದ್ದಾನೆ, ಭಾವಮೈದ ಇದ್ದಾನೆ, ಛತ್ರದ ಮುಂದೆ ಕಾರು ನಿಲ್ಲಿಸಿ ಕೊಡುವ ಹುಡುಗ ಇದ್ದಾನೆ, ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಳಗೆಲ್ಲ ಗುಡಿಸಿ ಒರೆಸುವವನಿದ್ದಾನೆ. ಇವರಿಗೆ ಮುಖ ಕೊಟ್ಟು ಕಳಿಸಲು ಆಗುವುದಿಲ್ಲ. ಜಿವಿ60 ನೆನಪಿಡುವುದೇ ಎರಡು ಮುಖ. ಫೋನ್ ಕೀ ಹಂಚಿಕೊಳ್ಳಲು ಅವರ ಬಳಿಯೂ ತಕ್ಕ ಫೋನ್ ಇರಬೇಕು, ಒಟಿಪಿ ಬರಬೇಕು, ಅಷ್ಟರಲ್ಲಿ ಮುಹೂರ್ತ ಮೀರಿರುತ್ತದೆ. ಕಾರ್ಡು ಕೊಡಬಹುದು, ಸಂಜೆ ವಾಪಸು ಪಡೆಯಬಹುದು, ಬರದಿದ್ದರೆ ಕಾರಿನ ಪರದೆಯಲ್ಲಿ ಅದನ್ನು ಅಳಿಸಿಹಾಕಬಹುದು. ಕೀಪ್ಯಾಡ್ ಇದ್ದಿದ್ದರೆ ಒರೆಸುವವನಿಗೆ ನಂಬರ್ ಹೇಳಿದರೆ ಸಾಕಿತ್ತು: ಬಾಗಿಲು ತೆರೆಯುತ್ತದೆ, ಕಾರು ಅಲುಗಾಡುವುದಿಲ್ಲ. ಕೆಲಸದವ ಬದಲಾದರೆ ನಂಬರ್ ಬದಲಿಸಿದರಾಯಿತು. ಬಾಗಿಲಿಗೊಂದು, ಇಂಜಿನ್‌ಗೊಂದು ಎಂಬ ಎರಡು ಬೀಗದ ಹಳೆಯ ಲೆಕ್ಕ ನಮ್ಮ ಮನೆಗಳ ವ್ಯವಹಾರಕ್ಕೆ ಹೇಳಿ ಮಾಡಿಸಿದ್ದು.

ಹಾಗಿದ್ದರೆ ಇಲ್ಲಿನ ಕಾರುಗಳಲ್ಲಿ ಕೀಪ್ಯಾಡ್ ಏಕಿಲ್ಲ? ದೂಳು, ಮಳೆ ಎಂಬ ನೆಪ ನಿಲ್ಲುವುದಿಲ್ಲ. ಪರದೆ ಮುಟ್ಟಿ ಪಾಸ್‌ಕೋಡ್ ಒತ್ತಿ ತೆರೆಯುವ ಬೆಂಗಳೂರು ಮೂಲದ ಓಲಾ ಕಂಪನಿಯ ಎಸ್1 ಸ್ಕೂಟರ್ 2021ರಿಂದ ಅದೇ ದೂಳು, ಅದೇ ಮಳೆಯಲ್ಲಿ ಓಡುತ್ತಿದೆ. ನನ್ನ ಊಹೆ ಸರಳ. ಗುಂಡಿಗಳಿಗೆ ಚಂದಾ ಕಟ್ಟಿಸಿಕೊಳ್ಳಲು ಬರುವುದಿಲ್ಲ. ಆ್ಯಪ್ ಇದ್ದರೆ ಮೊದಲ ಕೆಲವು ವರ್ಷ ಉಚಿತ, ಆಮೇಲೆ ವರ್ಷಕ್ಕಿಷ್ಟು ಎನ್ನಬಹುದು. ಗಿರಾಕಿ ಎಲ್ಲಿ ಹೋದ, ಯಾವಾಗ ಬಂದ ಎಂಬ ವಿವರವೂ ಸೇರುತ್ತದೆ. ಐದು ಗುಂಡಿಗಳ ಪಟ್ಟಿ ಒಮ್ಮೆ ಮಾರಿದರೆ ಮುಗಿಯಿತು.

ಇನ್ನೊಂದು ಗಂಟು ವಿಮೆಯದು. ಕಾರು ಕಳವಾಗಿ ಕ್ಲೇಮ್ ಹಾಕಿದಾಗ ವಿಮಾ ಕಂಪನಿಗಳು ಎರಡೂ ಮೂಲ ಕೀಗಳನ್ನು ತಂದೊಪ್ಪಿಸಲು ಕೇಳುತ್ತವೆ. ಒಂದು ಕಡಿಮೆಯಾದರೆ, ಕೀ ಕಾರಿನಲ್ಲೇ ಬಿಟ್ಟಿದ್ದಿರೇನು ಎಂಬ ಜಗಳ ಗ್ರಾಹಕರ ವೇದಿಕೆಯವರೆಗೂ ಹೋಗುತ್ತದೆ. ಕಾರನ್ನು ಲಾಕ್ ಮಾಡಿ ಕೀ ಒಳಗೇ ಬಿಟ್ಟು ಕೈಪಟ್ಟಿ ಕಟ್ಟಿಕೊಂಡು ಸಮುದ್ರಕ್ಕೆ ಇಳಿದವನ ಗತಿ ಅಲ್ಲಿ ಏನಾಗಬಹುದು? ಕಾರ್ಡು, ಪಟ್ಟಿ, ವಾಚು, ಫೋನುಗಳ ಪೈಕಿ ಯಾವುದನ್ನು ಕೀ ಎಂದು ಲೆಕ್ಕ ಹಿಡಿಯಬೇಕು? ಅದಕ್ಕೆ ನಿಜವಾದ ಸಾಕ್ಷಿ ಕಾರಿನ ಕಂಪ್ಯೂಟರಿನಲ್ಲಿದೆ: ಯಾವ ಕೀ ಸೇರಿತು, ಯಾವುದು ಅಳಿಸಿತು ಎಂಬ ಪಟ್ಟಿ. ಆದರೆ ಆ ಪಟ್ಟಿ ಕಾರಿನ ಜೊತೆಗೇ ಕಳವಾಗಿರುತ್ತದೆ, ಇಲ್ಲವೇ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಇದೇ ತಲೆನೋವು. ಹಳೆಯ ಮಾಲೀಕ ಎರಡು ಕಾರ್ಡು ಕೈಗಿಟ್ಟು ಹೋದರೂ ಅವನ ಫೋನ್ ಇನ್ನೂ ಪಟ್ಟಿಯಲ್ಲಿ ಉಳಿದಿರಬಹುದು. ಆರ್‌ಸಿ ವರ್ಗಾವಣೆಯ ದಿನ ಕಾರಿನಲ್ಲಿ ಕೂತು ಪರದೆಯ ಕೀ ಪಟ್ಟಿ ತೆರೆಸಿ, ನಮ್ಮ ಕೈಯಲ್ಲಿರುವ ಕಾರ್ಡುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಎದುರಿಗೇ ಅಳಿಸಿಸಿಕೊಳ್ಳಬೇಕು. ಹೊಸ ಕಾರಾದರೆ ಎಷ್ಟು ಕಾರ್ಡು, ಎಷ್ಟು ಕೀ ಕೊಟ್ಟರೆಂಬುದನ್ನು ಡೆಲಿವರಿ ಚೀಟಿಯಲ್ಲಿ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಪಾಲಿಸಿ ಮಾಡಿಸುವಾಗಲೇ ವಿಮೆಯವರಿಗೆ ಕೊಟ್ಟಿಡಬೇಕು.